ಹಿನ್ನೆಲೆ ಎಂಬ ಬೈಗುಳ

ಸಿನಿಮಾ ಬಲ್ಲವರ ನಡುವೆ ಒಂದು ಮಾತು ಬಹಳ ಕಾಲದಿಂದ ಓಡಾಡುತ್ತಿದೆ: ಒಳ್ಳೆಯ ಹಿನ್ನೆಲೆ ಸಂಗೀತ ಕಿವಿಗೆ ಬೀಳಬಾರದು, ಬಿದ್ದರೆ ಅದು ಸೋತಂತೆ. ಕೇಳಲು ಜಾಣ ಮಾತು. ಸಂಕಲನದ ಬಗ್ಗೆಯೂ ಹೀಗೆ ಹೇಳುವುದುಂಟು, ಇಲ್ಲವೆನ್ನುವುದಿಲ್ಲ. ಆದರೆ ಸಂಕಲನವನ್ನು ನಾವು ತರಗತಿಯಲ್ಲಿ ಕೂತು ಕಲಿಯುತ್ತೇವೆ, ಒಂದೊಂದೇ ಕತ್ತರಿ ಹಾಕಿದ ಜಾಗವನ್ನು ನಿಲ್ಲಿಸಿ ನೋಡುತ್ತೇವೆ. ಸಂಗೀತದ ವಿಷಯಕ್ಕೆ ಬಂದಾಗ ಮಾತ್ರ ಈ ಮಾತು ಕಲಿಯದಿರುವುದಕ್ಕೆ ಸಿಕ್ಕ ರಜಾ ಚೀಟಿಯಾಗಿಬಿಟ್ಟಿದೆ. ಕೇಳಿಸಬಾರದ್ದನ್ನು ಕೇಳುವುದೇಕೆ? ಕೇಳದ ಮೇಲೆ ಅದರ ಬಗ್ಗೆ ಬರೆಯುವುದೇಕೆ? ಅಲ್ಲಿಗೆ ಮುಗಿಯಿತು.

ಈ ಮಾತಿನ ಜೊತೆ ನನಗೆ ಜಗಳವಿದೆ. ಆ ಜಗಳಕ್ಕೆ ನನ್ನ ಸಾಕ್ಷಿ ಎರಡು ಸಿಡಿಗಳ ಒಂದು ಪೆಟ್ಟಿಗೆ. 1979ರಲ್ಲಿ ತೆರೆಕಂಡ, ರಿಡ್ಲಿ ಸ್ಕಾಟ್ ನಿರ್ದೇಶನದ 'ಏಲಿಯನ್' ಚಿತ್ರಕ್ಕೆ ಜೆರ್ರಿ ಗೋಲ್ಡ್‌ಸ್ಮಿತ್ ಬರೆದ ಸಂಗೀತ. ಇಂಟ್ರಾಡಾ ಎಂಬ ಅಮೆರಿಕದ ಕಂಪನಿ ಇದನ್ನು 2007ರಲ್ಲಿ ಮರುಬಿಡುಗಡೆ ಮಾಡಿತು. 'ಏಲಿಯನ್' ನೋಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಏಳು ಜನರಿರುವ ನಾಸ್ಟ್ರೊಮೊ ಎಂಬ ಸರಕು ನೌಕೆ, ಅದರೊಳಗೆ ಸೇರಿಕೊಂಡ ಒಂದು ಜೀವಿ, ಕೊನೆಗೆ ಉಳಿಯುವ ರಿಪ್ಲಿ. ಅದರ ಸಂಗೀತ ಹೇಗಿತ್ತು ಎಂದು ಕೇಳಿದರೆ ಬಹುತೇಕರು 'ಭಯಂಕರವಾಗಿತ್ತು' ಎನ್ನುತ್ತಾರೆ. ಸರಿ, ಭಯಂಕರವಾಗಿಯೇ ಇದೆ. ಆದರೆ ಗೋಲ್ಡ್‌ಸ್ಮಿತ್ ಮೊದಲು ಬರೆದದ್ದು ಭಯದಿಂದ ಶುರುವಾಗುವುದಿಲ್ಲ. ಚಿತ್ರವನ್ನು ಹತ್ತು ಸಲ ನೋಡಿದರೂ ನಿಮಗೆ ಈ ಸಂಗತಿ ತಿಳಿಯುವುದಿಲ್ಲ. ಸಿಡಿ ಒಮ್ಮೆ ಕೇಳಿದರೆ ತಿಳಿಯುತ್ತದೆ.

ನಡೆದದ್ದು ಇಷ್ಟು. ಗೋಲ್ಡ್‌ಸ್ಮಿತ್ ಲಂಡನ್ನಿನಲ್ಲಿ ನ್ಯಾಷನಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದೊಂದಿಗೆ ಸಂಗೀತ ಧ್ವನಿಮುದ್ರಿಸಿದ. ವೃಂದವನ್ನು ನಡೆಸಿದವನು ಲಯನೆಲ್ ನ್ಯೂಮನ್. ಮೊದಲ ಶೀರ್ಷಿಕೆಗಳ ಮೇಲೆ ಬರಲೆಂದು ಗೋಲ್ಡ್‌ಸ್ಮಿತ್ ಬರೆದ ತುಣುಕಿನಲ್ಲಿ ಒಂದು ಒಂಟಿ ಟ್ರಂಪೆಟ್ ಇದೆ. ದೂರದಿಂದ, ಅವಸರವಿಲ್ಲದೆ, ಯಾರನ್ನೋ ಕರೆಯುತ್ತಿದೆಯೋ ಅಥವಾ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದೆಯೋ ಎಂದು ಗೊತ್ತಾಗದ ಹಾಗೆ ಅದು ಏಳುತ್ತದೆ. ಅದರ ಸುತ್ತ ಎರಡೇ ಸ್ವರಗಳ ಕೊಳಲಿನ ಪಲುಕೊಂದು ಮತ್ತೆ ಮತ್ತೆ ಮಾರ್ದನಿಸುತ್ತದೆ. ಇದು ಬಾಹ್ಯಾಕಾಶದ ಸೌಂದರ್ಯಕ್ಕೆ, ಅದರ ಒಂಟಿತನಕ್ಕೆ ಬರೆದ ಸಂಗೀತ. ಮೊದಲು ಆ ಬೆರಗು, ಆಮೇಲೆ ಕತೆ ಬೆಳೆದಂತೆ ನಿಧಾನವಾಗಿ ಭಯ: ಇದು ತನ್ನ ಯೋಜನೆಯಾಗಿತ್ತೆಂದು ಆತನೇ ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾನೆ.

ಸ್ಕಾಟ್‌ಗೆ ಅದು ಹಿಡಿಸಲಿಲ್ಲ. ಬೇರೆ ಬರೆದುಕೊಡು ಎಂದಾಯಿತು. ಗೋಲ್ಡ್‌ಸ್ಮಿತ್ ಮಾಧುರ್ಯವನ್ನು ಪೂರ್ತಿ ತೆಗೆದು, ಬರೀ ವಿಚಿತ್ರ ಸದ್ದುಗಳ ಇನ್ನೊಂದು ತುಣುಕನ್ನು ಬರೆದುಕೊಟ್ಟ. ಅದಕ್ಕೆ ಐದು ನಿಮಿಷ ಹಿಡಿಯಿತು, ಎಲ್ಲರೂ ಅದನ್ನೇ ಮೆಚ್ಚಿದರು ಎಂದು ಆತ ಮುಂದೆ ಕಹಿಯಾಗಿಯೇ ಹೇಳಿಕೊಂಡ. ಚಿತ್ರದಲ್ಲಿ ನಾವು ಕೇಳುವುದು ಈ ಎರಡನೆಯದನ್ನು.

ಇಷ್ಟಕ್ಕೇ ನಿಲ್ಲಲಿಲ್ಲ. ಚಿತ್ರ ಸಂಕಲನವಾಗುವ ಹೊತ್ತಿಗೆ ಹೊಸ ಸಂಗೀತ ಸಿದ್ಧವಿರುವುದಿಲ್ಲ. ಆಗ ಸಂಕಲನಕಾರರು ಬೇರೆ ಎಲ್ಲಿಂದಲೋ ತಂದ ಸಂಗೀತವನ್ನು ತಾತ್ಕಾಲಿಕವಾಗಿ ಅಂಟಿಸಿಕೊಂಡು ಕೆಲಸ ಮಾಡುತ್ತಾರೆ. ಇದಕ್ಕೆ ಟೆಂಪ್ ಟ್ರ್ಯಾಕ್ ಎನ್ನುತ್ತಾರೆ. ಸಂಕಲನಕಾರ ಟೆರಿ ರಾಲಿಂಗ್ಸ್ ಹೀಗೆ ಅಂಟಿಸಿಕೊಂಡದ್ದರಲ್ಲಿ ಗೋಲ್ಡ್‌ಸ್ಮಿತ್‌ನದೇ ಹಳೆಯ ಸಂಗೀತವೂ ಇತ್ತು. ಜಾನ್ ಹ್ಯೂಸ್ಟನ್ 1962ರಲ್ಲಿ ಮಾಡಿದ 'ಫ್ರಾಯ್ಡ್' ಚಿತ್ರದ್ದು, ಗೋಲ್ಡ್‌ಸ್ಮಿತ್‌ಗೆ ಮೊದಲ ಆಸ್ಕರ್ ನಾಮನಿರ್ದೇಶನ ತಂದುಕೊಟ್ಟದ್ದು. ಕೇಳಿ ಕೇಳಿ ಕಿವಿಗೆ ಒಗ್ಗಿಹೋಯಿತು. ಹೊಸದು ಬಂದ ಮೇಲೂ ಕೆಲವು ದೃಶ್ಯಗಳಲ್ಲಿ ಹಳೆಯದೇ ಉಳಿಯಿತು. ಹದಿನೇಳು ವರ್ಷ ಹಿಂದಿನ ತನ್ನೊಂದಿಗೇ ಸ್ಪರ್ಧಿಸಿ ಸೋಲುವ ಭಾಗ್ಯ ಎಷ್ಟು ಜನ ಕಲಾವಿದರಿಗೆ ಸಿಕ್ಕೀತು!

ಇನ್ನು ಕೊನೆ. ರಿಪ್ಲಿ ನಿದ್ರೆಗೆ ಜಾರುತ್ತಾಳೆ, ಹೆಸರುಗಳು ತೆರೆಯ ಮೇಲೆ ಬರತೊಡಗುತ್ತವೆ. ಅಲ್ಲಿಗೆಂದು ಗೋಲ್ಡ್‌ಸ್ಮಿತ್ ತನ್ನ ಮೊದಲ ಟ್ರಂಪೆಟ್ ಸ್ವರಗಳನ್ನು ಇಡೀ ವಾದ್ಯವೃಂದಕ್ಕೆ ಹರಡಿ ಒಂದು ಮುಕ್ತಾಯ ಬರೆದಿದ್ದ. ಅದನ್ನೂ ತೆಗೆದರು. ಅದರ ಬದಲು ಬಂದದ್ದು ಹೊವಾರ್ಡ್ ಹ್ಯಾನ್ಸನ್‌ನ ಎರಡನೇ ಸಿಂಫನಿಯ ಒಂದು ಭಾಗ. ಬಾಸ್ಟನ್ ಸಿಂಫನಿ ವಾದ್ಯವೃಂದದ ಐವತ್ತನೇ ವರ್ಷಕ್ಕೆಂದು ಬರೆದ, 1930ರ ಕೃತಿ ಅದು. ಆ ಸಿಂಫನಿಯ ಹೆಸರೇನು ಗೊತ್ತೆ? 'ರೊಮ್ಯಾಂಟಿಕ್'.

ಇಲ್ಲಿ ಸ್ವಲ್ಪ ನಿಲ್ಲೋಣ. ಶುರುವಿನಲ್ಲಿ ಮಾಧುರ್ಯ ಬೇಡವೆಂದವರು ಕೊನೆಯಲ್ಲಿ 'ರೊಮ್ಯಾಂಟಿಕ್' ಎಂದೇ ಹೆಸರಿರುವ ಸಿಂಫನಿಯನ್ನು ತಂದು ಹಾಕಿದರು. ಅಂದರೆ ಆ ಚಿತ್ರಕ್ಕೆ ಮಾಧುರ್ಯ ಬೇಕೇ ಬೇಕಿತ್ತು. ಅದನ್ನು ಬೇರು ಸಮೇತ ಬೆಳೆಸಿಕೊಟ್ಟವನಿದ್ದ. ಮೊದಲ ನಿಮಿಷದಲ್ಲಿ ಬಿತ್ತಿ, ನಡುವೆ ಕಾಣದಂತೆ ಮಾಡಿ, ಕೊನೆಯಲ್ಲಿ ಮರಳಿಸುವುದು ಆತನ ಲೆಕ್ಕ. ಆ ಗಿಡವನ್ನು ಕಿತ್ತು, ಕೊನೆಯಲ್ಲಿ ಪೇಟೆಯಿಂದ ಹೂವು ತಂದು ಮುಡಿಸಿದರು. ಹೂವು ಚೆಂದವೇ. ಹ್ಯಾನ್ಸನ್‌ನ ಸಂಗೀತದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅದಕ್ಕೆ ಆ ನೌಕೆಯ ಪರಿಚಯವಿಲ್ಲ, ಆ ಏಳು ಜನರ ಪರಿಚಯವಿಲ್ಲ. ಅದು ಬೇರೆ ಯಾವ ಚಿತ್ರದ ಕೊನೆಗೆ ಹಾಕಿದರೂ ಹಾಗೇ ಮಿಡಿಯುತ್ತದೆ.

'ನಿರ್ದೇಶಕನಿಗೆ ಆ ಹಕ್ಕಿಲ್ಲವೇ?' ಎಂದು ಕೇಳುವಿರಿ. ಇದೆ. ಖಂಡಿತ ಇದೆ. ಸಿನಿಮಾ ಸ್ಕಾಟ್‌ನದು. ಇನ್ನೂ ಮುಂದೆ ಹೋಗಿ ಹೇಳುತ್ತೇನೆ: ಚಿತ್ರದ ಮಟ್ಟಿಗೆ ಆತನ ಹಲವು ತೀರ್ಮಾನಗಳು ಸರಿಯಾಗಿಯೇ ಇದ್ದವು. ಊಟದ ಮೇಜಿನ ಮೇಲೆ ಆ ಜೀವಿ ಎದೆಯೊಡೆದು ಹೊರಬರುವ ದೃಶ್ಯಕ್ಕೆ ಸಂಗೀತವೇ ಇಲ್ಲ. ಅಲ್ಲಿ ಒಂದು ಪಿಟೀಲು ಕುಯ್ಯಿಸಿದ್ದರೂ ಅದು ಹಾಳಾಗುತ್ತಿತ್ತು. ನೌಕೆಯ ಯಂತ್ರಗಳ ಗುಂಯ್ ಎನ್ನುವ ಸದ್ದನ್ನು ಅಷ್ಟು ಹೊತ್ತು ನಂಬಿ ಕೂರುವುದಕ್ಕೆ ಎದೆಗಾರಿಕೆ ಬೇಕು. ಐದು ನಿಮಿಷದಲ್ಲಿ ಬರೆದ ಆ ಬದಲಿ ಶೀರ್ಷಿಕೆ ಸಂಗೀತವೂ ತೆರೆಯ ಮೇಲೆ ಅಕ್ಷರಗಳು ಒಂದೊಂದು ಗೆರೆಯಾಗಿ ಮೂಡುವ ರೀತಿಗೆ ಹೇಳಿ ಮಾಡಿಸಿದಂತಿದೆ. ಇದನ್ನೆಲ್ಲ ಒಪ್ಪುತ್ತೇನೆ. ಚಿತ್ರಕ್ಕೆ ಯಾವುದು ಒಪ್ಪುತ್ತದೆ ಎಂದು ಆರಿಸುವುದು ನಿರ್ದೇಶಕನ ಹಕ್ಕು. ಆದರೆ ಆರಿಸದೆ ಬಿಟ್ಟದ್ದು ಇರಲೇ ಇಲ್ಲ ಎಂದು ನಡೆದುಕೊಳ್ಳುವ ಹಕ್ಕು ನನಗಾಗಲಿ ನಿಮಗಾಗಲಿ ಯಾರೂ ಕೊಟ್ಟಿಲ್ಲ. ನಾವು ಕೇಳುಗರು, ಓದುಗರು. ನಮ್ಮ ಕೆಲಸ ಬೇರೆ.

ಆ ಕೆಲಸ ಏನೆಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡಬೇಕಿಲ್ಲ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಪರೀಕ್ಷೆಗಾಗಿಯಾದರೂ ತಿರುವಿ ಹಾಕಿದವರಿಗೆ ಪಾಠಾಂತರವೆಂದರೆ ಏನೆಂದು ಗೊತ್ತು. ಸಂಪಾದಕ ಹಲವು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಒಂದು ಪಾಠವನ್ನು ಆರಿಸುತ್ತಾನೆ. ಆರಿಸಿದ್ದನ್ನು ಮೇಲೆ ಅಚ್ಚುಹಾಕುತ್ತಾನೆ, ಬಿಟ್ಟದ್ದನ್ನು ಪುಟದ ಅಡಿಯಲ್ಲಿ ಕೊಡುತ್ತಾನೆ. ಬಿಟ್ಟದ್ದನ್ನು ಸುಟ್ಟುಹಾಕುವುದಿಲ್ಲ. ಯಾಕೆಂದರೆ ನಾಳೆ ಬರುವ ಇನ್ನೊಬ್ಬ ಓದುಗನಿಗೆ ಅಡಿಯಲ್ಲಿರುವುದೇ ಸರಿ ಎನ್ನಿಸಬಹುದು. ಮೇಲಿನದೇ ಸರಿ ಎಂದರೂ, ಯಾಕೆ ಸರಿ ಎಂದು ಹೇಳುವುದಕ್ಕೆ ಅಡಿಯಲ್ಲಿರುವುದು ಬೇಕು. ಒಂದು ಪದದ ಪಾಠಾಂತರಕ್ಕೆ ಇಷ್ಟು ಮರ್ಯಾದೆ ಕೊಡುವ ನಾವು ಒಂದಿಡೀ ಸಂಗೀತ ಕೃತಿಯ ಪಾಠಾಂತರವನ್ನು 'ಕಲೆಕ್ಟರುಗಳ ಹುಚ್ಚು' ಎಂದು ತಳ್ಳಿಹಾಕುವುದು ಯಾವ ನ್ಯಾಯ?

ಇಂಟ್ರಾಡಾದ ಆ ಪೆಟ್ಟಿಗೆ ನಿಜಕ್ಕೂ ಒಂದು ಸಂಪಾದಿತ ಗ್ರಂಥ. ಮೊದಲ ಡಿಸ್ಕ್‌ನಲ್ಲಿ ಗೋಲ್ಡ್‌ಸ್ಮಿತ್ ಮೊದಲು ಬರೆದ ಹಾಗೆ ಸಂಗೀತ ಕ್ರಮವಾಗಿ ಬರುತ್ತದೆ. ಅದಾದ ಮೇಲೆ, ಒತ್ತಾಯಕ್ಕೆ ತಿದ್ದಿ ಬರೆದ ತುಣುಕುಗಳು ಬೇರೆಯಾಗಿ ಇವೆ. ಎರಡನೇ ಡಿಸ್ಕ್‌ನಲ್ಲಿ 1979ರ ಎಲ್‌ಪಿ ಇದ್ದ ಹಾಗೇ ಇದೆ: ಹತ್ತು ತುಣುಕು, ಸುಮಾರು 35 ನಿಮಿಷ. ಜೊತೆಗೆ ಇನ್ನಷ್ಟು ಬಿಡಿ ತುಣುಕುಗಳು, ಚಿತ್ರದಲ್ಲಿ ನೌಕೆಯ ಕ್ಯಾಪ್ಟನ್ ಒಬ್ಬನೇ ಕೂತು ಕೇಳುವ ಮೊಜಾರ್ಟ್ ಕೂಡ. ಯಾವುದು ಎಲ್ಲಿ ಬಳಕೆಯಾಯಿತು, ಯಾವುದು ಬಿಟ್ಟುಹೋಯಿತು ಎಂಬುದನ್ನು ಜೊತೆಗಿರುವ ಪುಸ್ತಿಕೆ ಹೇಳುತ್ತದೆ. ಮೂಲಪಾಠ, ಪಾಠಾಂತರ, ಅನುಬಂಧ, ಟಿಪ್ಪಣಿ. ಇನ್ನೇನು ಬೇಕು?

ಆ ಎಲ್‌ಪಿಯ ವಿಷಯ ಹೇಳಲೇಬೇಕು. ಅದರ ಶುರುವಿನಲ್ಲಿ ಇರುವುದು ಆ ಟ್ರಂಪೆಟ್‌ನ ಮೊದಲ ಪಾಠ, ಕೊನೆಯಲ್ಲಿ ಇರುವುದು ಆತನದೇ ಮುಕ್ತಾಯ. ಹ್ಯಾನ್ಸನ್ ಇಲ್ಲ, 'ಫ್ರಾಯ್ಡ್' ಇಲ್ಲ. ಥಿಯೇಟರಿನಲ್ಲಿ ಒಂದು 'ಏಲಿಯನ್' ಓಡುತ್ತಿದ್ದ ವರ್ಷವೇ ಅಂಗಡಿಯಲ್ಲಿ ಇನ್ನೊಂದು 'ಏಲಿಯನ್' ಮಾರಾಟಕ್ಕಿತ್ತು. ಅಂದರೆ ಈ ವಾದ ಇಂದಿನ ಹುಚ್ಚರು ಹುಟ್ಟಿಸಿದ್ದಲ್ಲ. ಗೋಲ್ಡ್‌ಸ್ಮಿತ್ ಅಂದೇ ತನ್ನ ಪಾಠವನ್ನು ದಾಖಲಿಸಿ ಇಟ್ಟಿದ್ದ. ಕೇಳುವವರು ಬೇಕಿತ್ತು.

ಎರಡನೇ ಆಕ್ಷೇಪ ಸಿನಿಮಾದಿಂದ ಬಿಡಿಸಿದ ಸಂಗೀತಕ್ಕೆ ಅರ್ಥವಿಲ್ಲ ಎನ್ನುವುದು. ನನ್ನ ಸ್ನೇಹಿತರೊಬ್ಬರು ಇದನ್ನು ರುಚಿಯಾಗಿ ಹೇಳುತ್ತಾರೆ: ಅನ್ನವಿಲ್ಲದೆ ಬರೀ ಉಪ್ಪಿನಕಾಯಿ ತಿಂದ ಹಾಗಾಯಿತಲ್ಲಯ್ಯ ಎಂದು. ನಗು ಬರುತ್ತದೆ, ಆದರೆ ಸಂಗೀತವನ್ನು ಉಪ್ಪಿನಕಾಯಿ ಎಂದು ಮೊದಲೇ ತೀರ್ಮಾನಿಸಿದವರಿಗೆ ಮಾತ್ರ ಈ ಹೋಲಿಕೆ ಹೊಳೆಯುತ್ತದೆ.

ಸಿಡಿಯಲ್ಲಿ ಕೇಳುವಾಗ ಏನಾಗುತ್ತದೆ ಎಂದು ಹೇಳುತ್ತೇನೆ. ಗೋಲ್ಡ್‌ಸ್ಮಿತ್ ಇಲ್ಲಿ ದೊಡ್ಡ ವಾದ್ಯವೃಂದದ ನಡುವೆ ಅಲ್ಲಿ ಸಾಮಾನ್ಯವಾಗಿ ಕಾಣದ ಕೆಲವು ವಾದ್ಯಗಳನ್ನು ಕೂರಿಸಿದ್ದಾನೆ. ಹಾವಿನಂತೆ ಸುರುಳಿಯಾಗಿರುವ, ಸರ್ಪೆಂಟ್ ಎಂದೇ ಹೆಸರಿರುವ ಯುರೋಪಿನ ಹಳೆಯ ಊದುವಾದ್ಯ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜೆರಿಡೂ. ಮತ್ತೆ, ಶಂಖ. ಇವುಗಳ ಜೊತೆಗೆ ಎಕೋಪ್ಲೆಕ್ಸ್ ಎಂಬ ಯಂತ್ರ. ಅದು ಸದ್ದನ್ನು ಟೇಪಿನ ಮೇಲೆ ಹಿಡಿದು ಕ್ಷಣ ತಡೆದು ಮತ್ತೆ ಮತ್ತೆ ಹಿಂದಕ್ಕೆ ಕೊಡುತ್ತದೆ. 1970ರ 'ಪ್ಯಾಟನ್' ಚಿತ್ರದ ಟ್ರಂಪೆಟ್ ದನಿ ಕಣಿವೆಯಲ್ಲಿ ಕೂಗಿದಂತೆ ಮರುಕಳಿಸುವುದು ಈ ಯಂತ್ರದಿಂದಲೇ. 'ಏಲಿಯನ್'ನಲ್ಲಿ ಕೊಳಲು, ಪಿಟೀಲುಗಳ ದನಿಯೆಲ್ಲ ಇದರೊಳಗೆ ಹಾದು ಬಂದು ತಮ್ಮ ನೆರಳನ್ನು ತಾವೇ ಎಳೆದುಕೊಂಡು ನಡೆದಂತೆ ಕೇಳುತ್ತವೆ.

ಶಂಖ ನಮಗೆ ಹೊಸದಲ್ಲ. ಮಂಗಳಾರತಿಗೂ ಅದೇ, ದಾಸಯ್ಯ ಜಾಗಟೆಯ ಜೊತೆ ಊದುವುದೂ ಅದೇ, ಹೆಣದ ಮುಂದೆ ಊದುವುದೂ ಅದೇ. ಶುಭಕ್ಕೂ ಸಾವಿಗೂ ಒಂದೇ ದನಿ ಸಲ್ಲುತ್ತದೆ ಎಂದು ಬಲ್ಲ ಕಿವಿ ನಮ್ಮದು. ಅಂಥ ದನಿಯನ್ನು ವೃಂದದೊಳಗೆ ಇಟ್ಟವನು ಭಯವನ್ನಷ್ಟೇ ಬರೆಯುತ್ತಿರಲಿಲ್ಲ ಎಂದು ನನಗೆ ಅನ್ನಿಸುವುದು ಅದಕ್ಕೇ. ಆ ಗ್ರಹದ ಮೇಲೆ ಇಳಿಯುವ ಭಾಗದ ಸಂಗೀತವನ್ನು ಚಿತ್ರವಿಲ್ಲದೆ ಕೇಳಿ ನೋಡಿ. ಗಾಳಿ, ಕತ್ತಲು, ಏನೋ ಬಹಳ ಹಳೆಯದು ಅಲ್ಲಿದೆ ಎನ್ನುವ ಗುಮಾನಿ. ಹೆದರಿಕೆಗೆ ಮೊದಲು ಅಲ್ಲೊಂದು ಭಕ್ತಿಯಂಥ ಭಾವವಿದೆ. ತೆರೆಯ ಮೇಲೆ ಕಣ್ಣು ಓಡಾಡುತ್ತಿರುವಾಗ, ಮಾತು, ಎಂಜಿನ್ನು, ಉಸಿರಾಟದ ಸದ್ದುಗಳ ನಡುವೆ ಇದರ ಅರ್ಧ ಕಿವಿಗೆ ಸಿಗುವುದಿಲ್ಲ. ಸಿಡಿಯಲ್ಲಿ ಸಿಗುತ್ತದೆ. ಸಿಕ್ಕಮೇಲೆ ಚಿತ್ರಕ್ಕೆ ವಾಪಸು ಹೋದರೆ ಚಿತ್ರವೂ ಬೇರೆಯಾಗಿ ಕಾಣುತ್ತದೆ. ಅನ್ನ, ಉಪ್ಪಿನಕಾಯಿ ಎರಡರ ರುಚಿಯೂ ಹೆಚ್ಚಾಯಿತಲ್ಲವೇ?

ನಾವು ಯಾವ ನಾಡಿನಲ್ಲಿ ಕೂತು ಈ ಆಕ್ಷೇಪ ಎತ್ತುತ್ತಿದ್ದೇವೆ ಎನ್ನುವುದನ್ನೂ ನೆನೆಯಬೇಕು. ಯಕ್ಷಗಾನದಲ್ಲಿ ಭಾಗವತ, ಮದ್ದಳೆ, ಚೆಂಡೆ ಸೇರಿದ್ದು ಹಿಮ್ಮೇಳ. ಕೂರುವುದು ಹಿಂದೆ, ಹೆಸರಲ್ಲೂ 'ಹಿಂ' ಇದೆ. ಆದರೂ ಭಾಗವತರೇ ಒಂದನೇ ವೇಷ ಎನ್ನುವ ಮಾತು ಅಲ್ಲಿ ಚಾಲ್ತಿಯಲ್ಲಿದೆ. ಆಟವನ್ನು ನಡೆಸುವವರು ಅವರೇ. ಪದವಿಲ್ಲದೆ ಕುಣಿತವಿಲ್ಲ, ಅರ್ಥವಿಲ್ಲ. ಆ ಪದಗಳನ್ನು ಕ್ಯಾಸೆಟ್ಟಿನಲ್ಲಿ ಹಾಕಿಕೊಂಡು, ವೇಷವಿಲ್ಲದೆ ರಂಗವಿಲ್ಲದೆ, ಅಂಗಡಿಯಲ್ಲಿ ಬಸ್ಸಿನಲ್ಲಿ ಕೇಳಿ ತಲೆದೂಗಿದ ಜನ ನಾವು. ಹಿಂದೆ ಕೂತವರು ಕೆಳಗಿನವರಲ್ಲ ಎಂದು ತಿಳಿದಿದ್ದ ಭಾಷೆಯಲ್ಲೇ 'ಹಿನ್ನೆಲೆ ಸಂಗೀತ' ಎಂಬ ಪದವನ್ನು ಟಂಕಿಸಿ, ಅದರಲ್ಲಿನ 'ಹಿಂ' ಅನ್ನು ಬೈಗುಳದ ಹಾಗೆ ಬಳಸುತ್ತಿದ್ದೇವೆ. ಹಾಡಾದರೆ ಮುನ್ನೆಲೆ, ಹಾಡಿಲ್ಲದಿದ್ದರೆ ಹಿನ್ನೆಲೆ! 'ಸಂಸ್ಕಾರ'ದ ಸಂಗೀತ ರಾಜೀವ ತಾರಾನಾಥರದು. 'ಘಟಶ್ರಾದ್ಧ'ದ ಸಂಗೀತಕ್ಕೆ ಬಿ.ವಿ. ಕಾರಂತರಿಗೆ ರಾಷ್ಟ್ರಪ್ರಶಸ್ತಿ ಬಂತು. ಈ ಎರಡು ಚಿತ್ರಗಳ ಬಗ್ಗೆ ನಾವು ಬರೆದ ಲೇಖನಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಎಷ್ಟರಲ್ಲಿ ಸಂಗೀತದ ಮಾತು ಒಂದು ಸಾಲು ದಾಟಿದೆ, ನೀವೇ ಹೇಳಿ.

ಮೂರನೆಯವರು ಆಧುನಿಕರು. ಎಲ್ಲವೂ ಫೋನಿನಲ್ಲಿ ಸಿಗುವಾಗ ಸಿಡಿ ಯಾಕೆ ಎನ್ನುತ್ತಾರೆ. ಫೋನಿನಲ್ಲಿ ಸಿಕ್ಕರೆ ಕೇಳಿ, ಬೇಡ ಎನ್ನುವುದಿಲ್ಲ. ಆದರೆ ಅಲ್ಲಿ ಸಿಗುವುದು ಸದ್ದು, ಸಾಕ್ಷಿಯಲ್ಲ. ಒಂದೇ ಹೆಸರಿನ ಎರಡು ತುಣುಕುಗಳಲ್ಲಿ ಯಾವುದು ಮೊದಲ ಪಾಠ, ಯಾವುದು ತಿದ್ದಿದ್ದು ಎಂದು ಹೇಳುವವರಿಲ್ಲ. ಆರ್ಥರ್ ಮಾರ್ಟನ್ ಆರ್ಕೆಸ್ಟ್ರೇಷನ್‌ಗೆ ಕೈಜೋಡಿಸಿದ್ದ ಎನ್ನುವುದು ಆ ಪುಟ್ಟ ಪರದೆಯಲ್ಲಿ ಎಲ್ಲಿ ಕಾಣಬೇಕು? ಹಕ್ಕುಗಳ ಒಪ್ಪಂದ ಮುಗಿದರೆ ಬೆಳಗಾಗುವುದರೊಳಗೆ ಇಡೀ ಆಲ್ಬಂ ಮಾಯ. ಅಡಿಟಿಪ್ಪಣಿ ಕಿತ್ತ ಗ್ರಂಥವನ್ನು ಪಾಠ ಮಾಡಲು ಯಾವ ಮೇಷ್ಟ್ರೂ ಒಪ್ಪುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಪಕ್ಷದವರೆಂದು ಹೇಳಿಕೊಳ್ಳುವವರನ್ನೂ ಒಂದು ಮಾತು ಕೇಳಬೇಕು. ಹೀಗೆ ಮರುಬಿಡುಗಡೆಯಾಗುವ ಸಿಡಿಗಳಲ್ಲಿ ಕೆಲವನ್ನು ಕಂಪನಿಗಳು ಒಂದು ಸಾವಿರ, ಮೂರು ಸಾವಿರ ಪ್ರತಿಗಳಿಗೆ ಮಿತಿಗೊಳಿಸುತ್ತವೆ. ಕೊಂಡವರಲ್ಲಿ ಕೆಲವರು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಕಪಾಟಿನಲ್ಲಿಟ್ಟು, ಬೆಲೆ ಏರಿದ ಮೇಲೆ ಮಾರುತ್ತಾರೆ. ಇನ್ನು ಕೆಲವರಿಗೆ 'ಸಂಪೂರ್ಣ' ಎಂಬ ಪದವೇ ದೇವರು. ಒಂದು ನಿಮಿಷ ಹೆಚ್ಚಿದ್ದರೆ ಅದು ಶ್ರೇಷ್ಠ ಆವೃತ್ತಿ. ಗ್ರಂಥವನ್ನು ಪೂಜೆಗಿಟ್ಟು ಓದದವರಿಗೂ ಇವರಿಗೂ ಏನು ವ್ಯತ್ಯಾಸ? ಪಾಠಾಂತರ ಇರುವುದು ಲೆಕ್ಕ ಹಾಕುವುದಕ್ಕಲ್ಲ, ತೂಗಿ ನೋಡುವುದಕ್ಕೆ. 35 ನಿಮಿಷದ ಆ ಎಲ್‌ಪಿ ಎಷ್ಟೋ ಸಲ ನನಗೆ ಪೂರ್ಣ ಆವೃತ್ತಿಗಿಂತ ಹೆಚ್ಚು ಗಟ್ಟಿಯಾಗಿ ಕೇಳಿಸಿದೆ.

ಇದರಲ್ಲಿ ನಮಗೇನು ನಷ್ಟ, ಹಾಲಿವುಡ್ಡಿನವರ ಜಗಳ ಹಾಲಿವುಡ್ಡಿನವರಿಗೆ ಎನ್ನಬಹುದು. 1968ರಲ್ಲಿ ಸ್ಟಾನ್ಲಿ ಕ್ಯೂಬ್ರಿಕ್ '2001: ಎ ಸ್ಪೇಸ್ ಒಡಿಸ್ಸಿ'ಗೆ ಅಲೆಕ್ಸ್ ನಾರ್ತ್‌ನಿಂದ ಸಂಗೀತ ಬರೆಸಿ, ಅದನ್ನು ಪೂರ್ತಿ ಕೈಬಿಟ್ಟು, ಸ್ಟ್ರಾಸ್ ಮತ್ತು ಲಿಗೆಟಿಯ ಕೃತಿಗಳನ್ನು ಇಟ್ಟುಕೊಂಡ. ನಾರ್ತ್‌ಗೆ ಇದು ತಿಳಿದದ್ದು ಚಿತ್ರ ನೋಡಲು ಕೂತಾಗ. ಆತ 1991ರಲ್ಲಿ ತೀರಿಕೊಂಡ. 1993ರಲ್ಲಿ ಆ ಸಂಗೀತವನ್ನು ನ್ಯಾಷನಲ್ ಫಿಲ್ಹಾರ್ಮೋನಿಕ್‌ನಿಂದಲೇ ನುಡಿಸಿ ಸಿಡಿಗೆ ತಂದವನು ಯಾರು? ಜೆರ್ರಿ ಗೋಲ್ಡ್‌ಸ್ಮಿತ್. ಕೈಬಿಟ್ಟ ಸಂಗೀತದ ನೋವು ಬಲ್ಲವನು ಇನ್ನೊಬ್ಬನ ಪಾಠಾಂತರವನ್ನು ಉಳಿಸಲು ಕೈಯಲ್ಲಿ ಬೇಟನ್ ಹಿಡಿದು ನಿಂತ. ನಾರ್ತ್ ಸ್ವತಃ ಧ್ವನಿಮುದ್ರಿಸಿದ್ದ ಮೂಲವೂ 2007ರಲ್ಲಿ ಹೊರಬಂತು, 'ಏಲಿಯನ್' ಬಂದ ವರ್ಷವೇ, ಅದೇ ಇಂಟ್ರಾಡಾದಿಂದ. ಅಷ್ಟು ಹೊತ್ತಿಗೆ ಗೋಲ್ಡ್‌ಸ್ಮಿತ್ ಕೂಡ ಇರಲಿಲ್ಲ. 2004ರಲ್ಲೇ ತೀರಿಕೊಂಡಿದ್ದ.

ತನ್ನ 'ಏಲಿಯನ್' ಹೀಗೆ ಇಡಿಯಾಗಿ ಅಂಗಡಿಗೆ ಬಂದದ್ದನ್ನು ಆತ ನೋಡಲಿಲ್ಲ. ಆಗಿದ್ದು ಅವರ ನಷ್ಟ. ಕೇಳಲು ಅವಕಾಶವಿದ್ದೂ ಕೇಳದಿರುವುದು ನಮ್ಮ ನಷ್ಟ. ಯಾವುದೋ ಒಂದು ಕಲೆಯನ್ನು ಕೇಳಿಸದೇ ಇರುವುದಕ್ಕಾಗಿಯೇ ಹುಟ್ಟಿದ್ದು ಎಂದು ಒಪ್ಪಿಕೊಂಡ ದಿನ ನಾವು ನಮ್ಮ ಕಿವಿಯ ಒಂದು ಭಾಗವನ್ನು ಮುಚ್ಚಿಕೊಂಡೆವು. ಮುಚ್ಚಿದ ಕಿವಿ ಸಿನಿಮಾಕ್ಕೆ ಮಾತ್ರ ಮುಚ್ಚಿರುತ್ತದೆ, ಕವಿತೆಗೆ ತೆರೆದುಕೊಳ್ಳುತ್ತದೆ ಎನ್ನುವ ಭರವಸೆ ನನಗಿಲ್ಲ.

ಆದ್ದರಿಂದ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಮೊದಲು ಟ್ರಂಪೆಟ್ ಇರುವ ಶೀರ್ಷಿಕೆ ಸಂಗೀತ ಕೇಳಿ. ಆಮೇಲೆ ಐದು ನಿಮಿಷದಲ್ಲಿ ಬರೆದ ಬದಲಿ. ಆಮೇಲೆ ಗೋಲ್ಡ್‌ಸ್ಮಿತ್‌ನ ಮುಕ್ತಾಯ. ಇಷ್ಟಾದ ಮೇಲೆ ಚಿತ್ರ ಹಾಕಿ, ಕೊನೆಯಲ್ಲಿ ಹ್ಯಾನ್ಸನ್ ಬರುವವರೆಗೂ ಕೂತು ನೋಡಿ. ಸ್ಕಾಟ್ ಮಾಡಿದ್ದೇ ಸರಿ ಎಂದು ನಿಮಗೆ ಅನ್ನಿಸಿದರೆ ನನ್ನ ತಕರಾರಿಲ್ಲ. ಎರಡು ಪಾಠಗಳನ್ನೂ ಮುಂದಿಟ್ಟುಕೊಂಡು ಒಂದನ್ನು ಆರಿಸಿದ್ದೀರಿ, ಅಷ್ಟು ಸಾಕು. ಒಂದನ್ನೇ ಕೇಳಿ, ಇನ್ನೊಂದು ಹಿನ್ನೆಲೆಯಲ್ಲವೇ ಎಂದು ಕೈಕೊಡವಿದರೆ ಮಾತ್ರ ಜಗಳ ಮುಂದುವರಿಯುತ್ತದೆ.